ಹೊಟ್ಟೆಗೆ ಏನೂ ತೊಂದರೆಯಿಲ್ಲದವರು ಎಚ್. ಪೈಲೋರಿ ಪರೀಕ್ಷೆ ಮಾಡಿಸಬೇಕೆ? ಮಾಡಿಸುವುದಾದರೆ ಯಾವುದು?

ಕೆಲವು ಹೆಲ್ತ್ ಚೆಕಪ್ ಪ್ಯಾಕೇಜ್‌ಗಳ ಪಟ್ಟಿಯಲ್ಲಿ ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್‌ಗಳ ಕೆಳಗೆ ‘ಎಚ್. ಪೈಲೋರಿ ಐಜಿಜಿ’ ಎಂಬ ಸಾಲೊಂದು ಇರುತ್ತದೆ. ಜಠರದಲ್ಲಿ ನೆಲೆಸುವ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾಕ್ಕೆ ಸಂಬಂಧಿಸಿದ ರಕ್ತಪರೀಕ್ಷೆ ಅದು. ಅದೇನೆಂದು ವಿಚಾರಿಸದೆ ರಕ್ತ ಕೊಟ್ಟು ಬಂದವರಿಗೆ ಮರುದಿನವೋ ಅದರ ಮರುದಿನವೋ ಮೊಬೈಲ್‌ಗೆ ವರದಿ ಬರುತ್ತದೆ. ಅದರಲ್ಲಿ ‘ಪಾಸಿಟಿವ್’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೆ ಕ್ಯಾನ್ಸರ್ ಎಂಬ ಪದ ಬೇಗನೆ ಎದುರಾಗುತ್ತದೆ. ಅಲ್ಲಿಯವರೆಗೆ ನೆಮ್ಮದಿಯಾಗಿ ಊಟ ಮಾಡಿಕೊಂಡಿದ್ದವರ ನಿದ್ದೆ ಕೆಡಲು ಇಷ್ಟು ಸಾಕು.

ಅಂಥ ವರದಿ ಕೈಗೆ ಬಂದವರಿಗೂ, ಆ ಸಾಲಿಗೆ ಗುರುತು ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೂ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ನುಂಗಲು ಕಷ್ಟವಾಗುತ್ತಿರುವವರು, ಮಲ ಡಾಂಬರಿನಂತೆ ಕಪ್ಪಾಗಿ ಹೋಗುತ್ತಿರುವವರು, ಪದೇ ಪದೇ ವಾಂತಿಯಾಗುವವರು, ರಕ್ತಹೀನತೆಗೆ ಕಾರಣ ತಿಳಿಯದವರು ಈ ಲೆಕ್ಕಾಚಾರದಿಂದ ಹೊರಗಿನವರು. ಅವರು ತಡಮಾಡದೆ ವೈದ್ಯರನ್ನು ಕಾಣಬೇಕು, ಬಹುಪಾಲು ಎಂಡೋಸ್ಕೋಪಿಯೇ (ಬಾಯಿಯಿಂದ ಕೊಳವೆ ಇಳಿಸಿ ಜಠರವನ್ನು ನೋಡುವ ಪರೀಕ್ಷೆ) ಬೇಕಾಗುತ್ತದೆ. ವರ್ಷಗಟ್ಟಲೆ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗುತ್ತಿರುವವರನ್ನೂ ‘ಲಕ್ಷಣವಿಲ್ಲದವರು’ ಎಂದು ಎಣಿಸಲಾಗದು.

ಉಳಿದವರಿಗೆ ನನ್ನ ಅಭಿಪ್ರಾಯ ಇಷ್ಟು: ಯಾವ ಪರೀಕ್ಷೆ ಒಳ್ಳೆಯದು ಎಂದು ಕೇಳುವ ಮೊದಲು, ಫಲಿತಾಂಶ ಬಂದ ಮೇಲೆ ಏನು ಮಾಡುತ್ತೇನೆ ಎಂದು ತೀರ್ಮಾನಿಸಿಕೊಳ್ಳಿ. ಪಾಸಿಟಿವ್ ಬಂದರೆ ಹದಿನಾಲ್ಕು ದಿನದ ಚಿಕಿತ್ಸೆಯನ್ನು ಪೂರ್ತಿ ಮುಗಿಸಿ, ರೋಗಾಣು ಹೋಯಿತೇ ಎಂದು ಮತ್ತೆ ಪರೀಕ್ಷಿಸಿಕೊಳ್ಳುವ ಮನಸ್ಸಿದ್ದರೆ ಮಾತ್ರ ಈ ದಾರಿಗೆ ಇಳಿಯಬೇಕು. ಅಷ್ಟು ದೂರ ಹೋಗುವ ಉದ್ದೇಶವಿಲ್ಲದಿದ್ದರೆ ಪರೀಕ್ಷೆಯಿಂದ ಸಿಗುವುದು ಚಿಂತೆಯೊಂದೇ.

ರೋಗಾಣು ಮತ್ತು ಅಪಾಯದ ಲೆಕ್ಕ

ಹೆಲಿಕೊಬ್ಯಾಕ್ಟರ್ ಪೈಲೋರಿ ಜಠರದ ಒಳಪೊರೆಯ ಮೇಲಿನ ಲೋಳೆಯಲ್ಲಿ ಬದುಕುವ, ಸುರುಳಿಯಾಕಾರದ ಬ್ಯಾಕ್ಟೀರಿಯಾ. ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯ ಉಂಟುಮಾಡಿ, ಸುತ್ತಲಿನ ಆಮ್ಲವನ್ನು ತಣಿಸಿಕೊಂಡು ಅಲ್ಲಿ ನೆಲೆಯೂರುತ್ತದೆ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಆಮ್ಲದ ನಡುವೆ ಬ್ಯಾಕ್ಟೀರಿಯಾ ಬದುಕುವುದೆಂದರೆ ಯಾರೂ ನಂಬದಿದ್ದ ಕಾಲ ಅದು. ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ರೋಗಾಣುವನ್ನು ತಂಬಾಕಿನ ಸಾಲಿನಲ್ಲೇ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಒಂದನೇ ಗುಂಪಿಗೆ ಸೇರಿಸಿತ್ತು.

ಸೋಂಕು ತಗಲುವುದು ಹೆಚ್ಚಾಗಿ ಬಾಲ್ಯದಲ್ಲಿ, ಮನೆಯೊಳಗೇ. ಎಂಜಲು, ವಾಂತಿ, ಮಲದಿಂದ ಕೆಟ್ಟ ನೀರು ಇದರ ದಾರಿಗಳು. ಒಮ್ಮೆ ಹೊಕ್ಕರೆ ಚಿಕಿತ್ಸೆಯಿಲ್ಲದೆ ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ. ಸೋಂಕಿರುವ ಎಲ್ಲರ ಜಠರದಲ್ಲೂ ಸ್ವಲ್ಪ ಉರಿಯೂತ ಇದ್ದೇ ಇರುತ್ತದೆ, ಆದರೆ ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಕೆಲವರಲ್ಲಿ ದಶಕಗಳ ಅವಧಿಯಲ್ಲಿ ಜಠರದ ಗ್ರಂಥಿಗಳು ಸವೆಯುತ್ತವೆ. ಆಮೇಲೆ ಜಠರದ ಪೊರೆ ಕರುಳಿನ ಪೊರೆಯಂತೆ ರೂಪ ಬದಲಿಸುತ್ತದೆ. ಅಲ್ಲಿಂದ ಕೋಶಗಳ ರಚನೆ ಕೆಡುತ್ತದೆ, ಕೊನೆಗೆ ಕ್ಯಾನ್ಸರ್. ಕೊಲಂಬಿಯಾ ಮೂಲದ ರೋಗಶಾಸ್ತ್ರಜ್ಞ ಪೆಲಾಯೊ ಕೊರೆಯ ಗುರುತಿಸಿದ ಈ ಮೆಟ್ಟಿಲುಗಳನ್ನು ನೆನಪಿಟ್ಟುಕೊಳ್ಳಿ. ಯಾವ ಪರೀಕ್ಷೆ ಯಾವ ಮೆಟ್ಟಿಲನ್ನು ನೋಡುತ್ತದೆ ಎಂಬುದರ ಮೇಲೆಯೇ ಮುಂದಿನ ಹೋಲಿಕೆಯೆಲ್ಲ ನಿಂತಿದೆ.

ಇನ್ನು ಸಂಖ್ಯೆಗಳು. ಜಗತ್ತಿನಲ್ಲಿ 2022ರಲ್ಲಿ ಸುಮಾರು 9.7 ಲಕ್ಷ ಜನರಿಗೆ ಜಠರದ ಕ್ಯಾನ್ಸರ್ ಬಂತು, ಸುಮಾರು 6.6 ಲಕ್ಷ ಜನ ಸತ್ತರು. ಅನ್ನನಾಳ ಸೇರುವ ಬಾಯಿಯ ಬಳಿ ಬರುವುದನ್ನು ಬಿಟ್ಟರೆ, ಉಳಿದ ಜಠರದ ಕ್ಯಾನ್ಸರ್‌ಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟರ ಹಿಂದೆ ಈ ಸೋಂಕು ಇರುತ್ತದೆ. ಆದರೆ ಲೆಕ್ಕವನ್ನು ಇನ್ನೊಂದು ತುದಿಯಿಂದಲೂ ನೋಡಬೇಕು. ಸೋಂಕಿರುವ ನೂರು ಜನರಲ್ಲಿ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುವುದು ಒಬ್ಬರಿಂದ ಮೂವರಿಗೆ ಮಾತ್ರ. ಪಾಸಿಟಿವ್ ವರದಿ ಹಿಡಿದು ಕುಳಿತವರಿಗೆ ಮೊದಲು ಹೇಳಬೇಕಾದ ಸಮಾಧಾನ ಇದು, ಮತ್ತು ಇದು ಸುಳ್ಳು ಸಮಾಧಾನವೇನಲ್ಲ.

ಭಾರತದ ಚಿತ್ರ ಇನ್ನೂ ವಿಚಿತ್ರ. ಇಲ್ಲಿ ನಡೆದ ಅನೇಕ ಅಧ್ಯಯನಗಳಲ್ಲಿ ವಯಸ್ಕರ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೋಂಕು ಕಂಡಿದೆ. ಆದರೂ ಜಪಾನ್, ಕೊರಿಯಾ, ಚೀನಾಗಳಿಗೆ ಹೋಲಿಸಿದರೆ ಜಠರದ ಕ್ಯಾನ್ಸರ್ ತೀರ ಕಡಿಮೆ. ರೋಗಾಣುವಿನ ತಳಿ, ಆಹಾರ, ಮನುಷ್ಯರ ವಂಶವಾಹಿ ಎಂದು ಹಲವು ಕಾರಣಗಳನ್ನು ಮುಂದಿಡುತ್ತಾರೆ, ಯಾವುದೂ ಪೂರ್ತಿ ಒಪ್ಪಿತವಾಗಿಲ್ಲ. ಆದರೆ ದೇಶದೊಳಗೆ ಎಲ್ಲೆಡೆ ಒಂದೇ ಪರಿಸ್ಥಿತಿ ಇಲ್ಲ. ಮಿಜೋರಾಂನಲ್ಲಿ ಜಠರದ ಕ್ಯಾನ್ಸರ್ ದೇಶದಲ್ಲೇ ಅತಿ ಹೆಚ್ಚು. ಹೊಗೆಯಲ್ಲಿ ಒಣಗಿಸಿದ ಮಾಂಸ, ಹೆಚ್ಚು ಉಪ್ಪು, ಬೀಡಿ–ಸಿಗರೇಟು, ತಂಬಾಕಿನ ಹೊಗೆಯನ್ನು ನೀರಿಗೆ ಇಳಿಸಿ ಮಾಡುವ ‘ತುಯಿಬೂರ್’ ಇವೆಲ್ಲ ಅಲ್ಲಿನ ಅಧ್ಯಯನಗಳಲ್ಲಿ ಕಾರಣಗಳಾಗಿ ಕಂಡಿವೆ. ನಮ್ಮಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲೂ ಗಂಡಸರ ಪ್ರಮುಖ ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಜಠರದ್ದು ಇದೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ: ದೇಶದಲ್ಲಿ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾಗುತ್ತಾರೆ, ಅವರಲ್ಲಿ ಬಹುತೇಕರು ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಸರ್ಕಾರಿ ತಪಾಸಣಾ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಇರುವುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಗಳು. ಜಠರದ ವಿಷಯದಲ್ಲಿ ನಿರ್ಧಾರ ನಮ್ಮದೇ, ಖರ್ಚೂ ನಮ್ಮದೇ.

ರೋಗಾಣುವನ್ನು ಹುಡುಕುವ ದಾರಿಗಳು

ಮೇಲೆ ಹೇಳಿದ ಪ್ಯಾಕೇಜ್‌ನ ರಕ್ತಪರೀಕ್ಷೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಜನ ಹೆಚ್ಚು ಮೋಸಹೋಗುವುದು ಇದರಲ್ಲೇ. ಐಜಿಜಿ ಪರೀಕ್ಷೆ ರೋಗಾಣುವನ್ನು ನೋಡುವುದಿಲ್ಲ. ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು ಅಳೆಯುತ್ತದೆ. ರೋಗಾಣು ಹೋದ ಮೇಲೂ ಆ ಪ್ರತಿಕಾಯಗಳು ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಮನೆ ಖಾಲಿ ಮಾಡಿ ಹೋದ ಬಾಡಿಗೆದಾರರ ಹೆಸರಿಗೆ ಅಂಚೆ ಬರುತ್ತಲೇ ಇರುವ ಹಾಗೆ. ಹಿಂದೆ ಅಲ್ಸರ್‌ಗೆ ಔಷಧ ತೆಗೆದುಕೊಂಡು ಸೋಂಕು ಪೂರ್ತಿ ಗುಣವಾದವರಿಗೂ ಪಾಸಿಟಿವ್ ಬರಬಹುದು. ಚಿಕಿತ್ಸೆ ಫಲಿಸಿತೇ ಎಂದು ನೋಡಲು ಇದು ಕೆಲಸಕ್ಕೆ ಬಾರದು. ಆಸಿಡಿಟಿ ಮಾತ್ರೆ ನಿಲ್ಲಿಸಬೇಕಿಲ್ಲ ಎಂಬುದು ಇದರ ಒಂದೇ ಅನುಕೂಲ. ಐಜಿಎಂ, ಐಜಿಎ ಎಂದು ಬೇರೆ ಬಗೆಯ ಪ್ರತಿಕಾಯಗಳ ಪರೀಕ್ಷೆಗಳನ್ನೂ ಸೇರಿಸಿದರೆ ಹಣ ಹೆಚ್ಚು ಹೋಗುತ್ತದೆ, ಮಾಹಿತಿ ಹೆಚ್ಚುವುದಿಲ್ಲ. ಬರೀ ಐಜಿಜಿ ಪಾಸಿಟಿವ್ ಎಂಬ ಕಾರಣಕ್ಕೆ ಯಾರೂ ಆಂಟಿಬಯಾಟಿಕ್ ಶುರು ಮಾಡಬಾರದು. ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲಷ್ಟೇ ಮುಂದಿನ ಮಾತು.

ಉಸಿರಿನ ಪರೀಕ್ಷೆ ರೋಗಾಣುವಿನ ಬಲವನ್ನೇ ಅದರ ಗುರುತಾಗಿ ಬಳಸಿಕೊಳ್ಳುತ್ತದೆ. ಗುರುತು ಹಾಕಿದ ಇಂಗಾಲವಿರುವ ಯೂರಿಯಾವನ್ನು ನುಂಗಿಸುತ್ತಾರೆ. ರೋಗಾಣು ಇದ್ದರೆ ಯೂರಿಯೇಸ್ ಅದನ್ನು ಒಡೆಯುತ್ತದೆ. ಹೊರಬಿದ್ದ ಇಂಗಾಲದ ಡೈಆಕ್ಸೈಡ್ ರಕ್ತಕ್ಕೆ ಸೇರಿ, ಶ್ವಾಸಕೋಶ ತಲುಪಿ, ಉಸಿರಿನಲ್ಲಿ ಹೊರಬರುತ್ತದೆ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಕ್ಯಾಪ್ಸೂಲ್ ನುಂಗಿ, ಹತ್ತು ಹದಿನೈದು ನಿಮಿಷ ಕುಳಿತು, ಆಮೇಲೆ ಅಂಗೈಯಗಲದ ಕಾರ್ಡಿಗೆ ಅದರ ಕಿಟಕಿಯ ಬಣ್ಣ ಬದಲಾಗುವ ತನಕ ಊದುತ್ತೀರಿ. ಇಲ್ಲಿ ಬಳಸುವುದು ಕಾರ್ಬನ್-14. ಅದು ವಿಕಿರಣಶೀಲವೇ ಆದರೂ ಪ್ರಮಾಣ ಒಂದು ದಿನದಲ್ಲಿ ಪ್ರಕೃತಿಯಿಂದ ನಮಗೆ ಸಹಜವಾಗಿ ಬರುವ ವಿಕಿರಣಕ್ಕಿಂತ ಕಡಿಮೆ. ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಮಾತ್ರ ಇದನ್ನು ಮಾಡುವುದಿಲ್ಲ. ಇನ್ನೊಂದರಲ್ಲಿ ವಿಕಿರಣವಿಲ್ಲದ ಕಾರ್ಬನ್-13 ಬಳಸುತ್ತಾರೆ. ಮೊದಲು ಒಂದು ಚೀಲಕ್ಕೆ ಊದಿ, ಯೂರಿಯಾ ಕುಡಿದು, ಅರ್ಧ ಗಂಟೆಯ ಹೊತ್ತಿಗೆ ಎರಡನೆಯ ಚೀಲಕ್ಕೆ ಊದಬೇಕು. ಎರಡೂ ನಂಬಿಕಸ್ಥವೇ, ಸುಮಾರು ನೂರಕ್ಕೆ 95ರಷ್ಟು ಸರಿಯಾದ ಉತ್ತರ ಕೊಡುತ್ತವೆ. ತೊಡಕೆಂದರೆ ದೊಡ್ಡ ಊರುಗಳನ್ನು ಬಿಟ್ಟರೆ ಈ ಯಂತ್ರ ಎಲ್ಲೆಡೆ ಸಿಗುವುದಿಲ್ಲ.

ಮಲದ ಆಂಟಿಜೆನ್ ಪರೀಕ್ಷೆ ರೋಗಾಣುವಿನ ಚೂರುಗಳನ್ನು ನೇರವಾಗಿ ಪತ್ತೆಮಾಡುತ್ತದೆ. ಎಲೈಸಾ ಎಂಬ ಪ್ರಯೋಗಾಲಯದ ವಿಧಾನದಲ್ಲಿ, ಮಾನೋಕ್ಲೋನಲ್ (ಒಂದೇ ಗುರಿಗೆ ಅಂಟುವ) ಪ್ರತಿಕಾಯ ಬಳಸಿ ಮಾಡಿದರೆ ನಿಖರತೆಯಲ್ಲಿ ಉಸಿರಿನ ಪರೀಕ್ಷೆಗೆ ಸಮನಾಗಿ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಗೆರೆ ತೋರಿಸುವ ಕಾರ್ಡ್ ಪರೀಕ್ಷೆಗೆ ಅಷ್ಟು ಭರವಸೆ ಇಲ್ಲ. ಆದ್ದರಿಂದ ಪ್ರಯೋಗಾಲಯದಲ್ಲಿ ‘ಎಲೈಸಾನಾ, ರ್‍ಯಾಪಿಡ್ ಕಾರ್ಡಾ?’ ಎಂದು ಕೇಳಿಯೇ ಮಾದರಿ ಕೊಡಿ. ಬಟಾಣಿ ಗಾತ್ರದ ಮಾದರಿ ಸಾಕು. ಭೇದಿಯಾಗುತ್ತಿರುವಾಗ ಕೊಡಬೇಡಿ, ನೀರಾದ ಮಲದಲ್ಲಿ ಫಲಿತಾಂಶ ತಪ್ಪುತ್ತದೆ. ಜನ ಸಂಕೋಚದಿಂದ ಈ ಪರೀಕ್ಷೆಯನ್ನು ಬಿಟ್ಟು ರಕ್ತಪರೀಕ್ಷೆಗೆ ಒಪ್ಪುತ್ತಾರೆ. ನನಗೆ ಬಹಳ ಬೇಸರ ತರುವ ಸಂಗತಿ ಇದು. ಸಣ್ಣ ಊರಿನಿಂದಲೂ ಮಾದರಿ ಕಳುಹಿಸಬಹುದಾದ, ಗರ್ಭಿಣಿಯರಿಗೂ ತೊಂದರೆ ಮಾಡದ, ಚಿಕಿತ್ಸೆಯ ನಂತರವೂ ಬಳಸಬಹುದಾದ ಪರೀಕ್ಷೆಯನ್ನು ಒಂದು ಕ್ಷಣದ ಮುಜುಗರಕ್ಕೆ ಕಳೆದುಕೊಳ್ಳಬಾರದು.

ಈ ಎರಡಕ್ಕೂ ಒಂದು ಷರತ್ತಿದೆ, ಇದನ್ನು ಮರೆತರೆ ಹಣ ನೀರಿಗೆ ಹಾಕಿದಂತೆ. ಪ್ಯಾಂಟೊಪ್ರಜೋಲ್, ರಬೆಪ್ರಜೋಲ್, ಒಮೆಪ್ರಜೋಲ್ ಮಾದರಿಯ ಆಸಿಡಿಟಿ ಮಾತ್ರೆಗಳನ್ನು ಕನಿಷ್ಠ ಎರಡು ವಾರ ಮೊದಲೇ ನಿಲ್ಲಿಸಿರಬೇಕು. ಯಾವುದೇ ಕಾರಣಕ್ಕೆ ತೆಗೆದುಕೊಂಡ ಆಂಟಿಬಯಾಟಿಕ್ ಮುಗಿದು ನಾಲ್ಕು ವಾರ ಕಳೆದಿರಬೇಕು. ಇಲ್ಲವಾದರೆ ರೋಗಾಣುಗಳ ಸಂಖ್ಯೆ ತಾತ್ಕಾಲಿಕವಾಗಿ ಇಳಿದು, ಸೋಂಕಿದ್ದರೂ ನೆಗೆಟಿವ್ ಬರುತ್ತದೆ. ಮಂಡಿನೋವಿನ ಮಾತ್ರೆಯ ಜೊತೆ ‘ಖಾಲಿ ಹೊಟ್ಟೆಗೆ ಒಂದು’ ಎಂದು ಕೊಟ್ಟ ಗುಳಿಗೆ ಈ ಜಾತಿಯದೇ ಆಗಿರುವ ಸಾಧ್ಯತೆ ಹೆಚ್ಚು. ಔಷಧದ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವವರು ತಾವಾಗಿಯೇ ಯಾವುದನ್ನೂ ನಿಲ್ಲಿಸಬಾರದು.

ನಿಖರತೆ ನೂರಕ್ಕೆ 95 ಎಂದರೆ ಏನೆಂದು ಒಂದು ಲೆಕ್ಕ ಹಾಕಿ ನೋಡಿ. ನೂರು ಜನರಲ್ಲಿ 60 ಮಂದಿಗೆ ಸೋಂಕಿದೆ ಎಂದುಕೊಳ್ಳೋಣ. ಪರೀಕ್ಷೆ 57 ಮಂದಿಯನ್ನು ಹಿಡಿಯುತ್ತದೆ, ಮೂವರನ್ನು ಬಿಡುತ್ತದೆ. ಸೋಂಕಿಲ್ಲದ 40 ಜನರಲ್ಲಿ ಇಬ್ಬರಿಗೆ ತಪ್ಪಾಗಿ ಪಾಸಿಟಿವ್ ಹೇಳುತ್ತದೆ. ಅಂದರೆ ನಮ್ಮಲ್ಲಿ ಪಾಸಿಟಿವ್ ಬಂದರೆ ಬಹುತೇಕ ನಿಜ. ಸೋಂಕು ನೂರಕ್ಕೆ ಹತ್ತು ಮಂದಿಗಷ್ಟೇ ಇರುವ ದೇಶದಲ್ಲಿ ಇದೇ ಪರೀಕ್ಷೆ ಮಾಡಿದರೆ ಪಾಸಿಟಿವ್ ಬಂದ ಮೂವರಲ್ಲಿ ಒಬ್ಬರದು ಸುಳ್ಳು.

ಜಠರವನ್ನೇ ನೋಡುವುದು

ಇಷ್ಟು ಹೊತ್ತು ಹೇಳಿದ ಪರೀಕ್ಷೆಗಳು ರೋಗಾಣು ಇದೆಯೇ ಎಂದು ಹೇಳುತ್ತವೆ. ಅದು ಎಷ್ಟು ಹಾನಿ ಮಾಡಿದೆ, ನೀವು ಯಾವ ಮೆಟ್ಟಿಲಿನಲ್ಲಿದ್ದೀರಿ ಎಂದು ಹೇಳುವುದಿಲ್ಲ. ಅದಕ್ಕೆ ಎಂಡೋಸ್ಕೋಪಿಯೇ ಬೇಕು.

ಜಪಾನಿನಲ್ಲಿ ಬಳಕೆಯಲ್ಲಿರುವ ಪೆಪ್ಸಿನೋಜೆನ್ ರಕ್ತಪರೀಕ್ಷೆ ಇವೆರಡರ ನಡುವೆ ನಿಲ್ಲುತ್ತದೆ. ಪೆಪ್ಸಿನೋಜೆನ್ ಜಠರದ ಗ್ರಂಥಿಗಳು ತಯಾರಿಸುವ ಪದಾರ್ಥ, ಅದರಲ್ಲಿ 1 ಮತ್ತು 2 ಎಂದು ಎರಡು ಬಗೆ. ಗ್ರಂಥಿಗಳು ಸವೆದರೆ ಪೆಪ್ಸಿನೋಜೆನ್-1 ಇಳಿಯುತ್ತದೆ. ಅದು 70ಕ್ಕಿಂತ ಹೆಚ್ಚಿಲ್ಲದೆ, ಈ ಎರಡು ಬಗೆಗಳ ಅನುಪಾತವೂ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಸವೆತವಿದೆ ಎಂದು ಓದುತ್ತಾರೆ. ಇದನ್ನು ಪ್ರತಿಕಾಯ ಪರೀಕ್ಷೆಯೊಂದಿಗೆ ಜೋಡಿಸಿ ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು ಮಾಡುತ್ತಾರೆ. ಎರಡೂ ಸರಿಯಿದ್ದರೆ ಎ. ಡಿ ಎಂದರೆ ಪೊರೆ ಎಷ್ಟು ಸವೆದಿದೆಯೆಂದರೆ ರೋಗಾಣುವಿಗೂ ಅಲ್ಲಿ ಬದುಕಲಾಗದೆ ಪ್ರತಿಕಾಯವೂ ನೆಗೆಟಿವ್ ಆಗಿರುವವರು. ಅಪಾಯ ಹೆಚ್ಚಿರುವುದು ಅವರಿಗೇ. ಇದು ಯಾರಿಗೆ ಎಂಡೋಸ್ಕೋಪಿ ಬೇಕು ಎಂದು ಆರಿಸುವ ಜರಡಿ ಮಾತ್ರ, ಕ್ಯಾನ್ಸರ್ ಪತ್ತೆಮಾಡುವ ಪರೀಕ್ಷೆ ಅಲ್ಲ. ಆಸಿಡಿಟಿ ಮಾತ್ರೆ ತಿನ್ನುವವರಲ್ಲೂ ಮೂತ್ರಪಿಂಡ ಕೆಟ್ಟವರಲ್ಲೂ ಅಂಕಿಗಳು ಏರುಪೇರಾಗುತ್ತವೆ. ಭಾರತದಲ್ಲಿ ಇದನ್ನು ಮಾಡುವ ಜಾಗಗಳು ಕಡಿಮೆ. ನಮ್ಮವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಸಿಇಎ, ಸಿಎ 19-9 ಎಂಬ ‘ಕ್ಯಾನ್ಸರ್ ಮಾರ್ಕರ್’ಗಳನ್ನಂತೂ ತಪಾಸಣೆಗೆ ಮಾಡಿಸಲೇಬೇಡಿ. ಆರಂಭದ ಜಠರ ಕ್ಯಾನ್ಸರ್‌ನಲ್ಲಿ ಅವು ಹೆಚ್ಚಾಗಿ ಸಹಜ ಮಟ್ಟದಲ್ಲೇ ಇರುತ್ತವೆ.

ಬೇರಿಯಂ ಎಕ್ಸ್-ರೇ ನಮ್ಮಲ್ಲಿ ತಪಾಸಣೆಗೆ ಬಳಕೆಯಲ್ಲಿಲ್ಲ. ಜಪಾನಿನಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗರಿಗೆ ಮಾತ್ರ ಇದು ಗೊತ್ತಿರುತ್ತದೆ. ಅಲ್ಲಿ 35 ದಾಟಿದ ನೌಕರರ ವಾರ್ಷಿಕ ತಪಾಸಣೆಯಲ್ಲಿ ಇದು ಸಾಮಾನ್ಯವಾಗಿ ಸೇರಿರುತ್ತದೆ. ನೊರೆ ಬರುವ ಪುಡಿಯನ್ನು ನುಂಗಿ, ತೇಗು ಬಾರದಂತೆ ತಡೆದುಕೊಂಡು, ಸುಣ್ಣದ ನೀರಿನಂಥ ಬೇರಿಯಂ ಕುಡಿದು, ತಲೆಕೆಳಗಾಗಿ ವಾಲುವ ಮೇಜಿನ ಮೇಲೆ ಅತ್ತಿತ್ತ ಉರುಳಬೇಕು. ಮುಗಿದ ಮೇಲೆ ಭೇದಿ ಮಾತ್ರೆ ಕೊಟ್ಟು ಕಳುಹಿಸುತ್ತಾರೆ, ಇಲ್ಲದಿದ್ದರೆ ಬೇರಿಯಂ ಒಳಗೇ ಗಟ್ಟಿಯಾಗುತ್ತದೆ. ಅದರ ಬದಲು ಎಂಡೋಸ್ಕೋಪಿ ಆರಿಸಿಕೊಳ್ಳುವ ಅವಕಾಶ ಅನೇಕ ಕಡೆ ಇರುತ್ತದೆ. ಇದ್ದರೆ ಅದನ್ನೇ ಆರಿಸಿಕೊಳ್ಳಿ. ಕೊರಿಯಾದ ರಾಷ್ಟ್ರೀಯ ಕಾರ್ಯಕ್ರಮದ ದಾಖಲೆಗಳನ್ನು ವಿಶ್ಲೇಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಡೋಸ್ಕೋಪಿ ಮಾಡಿಸಿಕೊಂಡವರಲ್ಲಿ ಜಠರ ಕ್ಯಾನ್ಸರ್‌ನಿಂದ ಸಾಯುವ ಸಂಭವ ಸುಮಾರು ಅರ್ಧಕ್ಕೆ ಇಳಿದಿತ್ತು. ಬೇರಿಯಂ ಮಾಡಿಸಿಕೊಂಡವರಲ್ಲಿ ಇಳಿಕೆ ಇಲ್ಲವೆನ್ನುವಷ್ಟು ಕಡಿಮೆ.

ಎಂಡೋಸ್ಕೋಪಿ ಎಂದರೆ ಹೆದರುವವರೇ ಹೆಚ್ಚು. ಆರರಿಂದ ಎಂಟು ಗಂಟೆ ಏನೂ ತಿನ್ನದೆ ಹೋಗಬೇಕು. ಗಂಟಲಿಗೆ ಕಹಿಯಾದ ಮರಗಟ್ಟಿಸುವ ಔಷಧ ಸಿಂಪಡಿಸುತ್ತಾರೆ, ನುಂಗಲು ಏನೋ ಸಿಕ್ಕಿಕೊಂಡಂತೆ ಅನ್ನಿಸುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆ ಇಟ್ಟು, ಕಿರುಬೆರಳಿನ ದಪ್ಪದ ಕೊಳವೆಯನ್ನು ಇಳಿಸುತ್ತಾರೆ. ಓಕರಿಕೆ ಬರುವುದು ಮುಖ್ಯವಾಗಿ ಗಂಟಲು ದಾಟುವಾಗ. ಮೂಗಿನಿಂದ ನಿಧಾನವಾಗಿ ಉಸಿರಾಡುತ್ತಿದ್ದರೆ ಸುಲಭ. ಐದರಿಂದ ಹತ್ತು ನಿಮಿಷದ ಕೆಲಸ. ನಿದ್ದೆಯ ಚುಚ್ಚುಮದ್ದು ಬೇಕೆಂದರೆ ಕೊಡುತ್ತಾರೆ, ಆದರೆ ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಬೇಕು. ರಂಧ್ರವಾಗುವುದು, ರಕ್ತಸ್ರಾವ ಮುಂತಾದ ಅಪಾಯಗಳು ಬರೀ ನೋಡುವ ಎಂಡೋಸ್ಕೋಪಿಯಲ್ಲಿ ಬಹಳ ವಿರಳ.

ತಪಾಸಣೆಗಾಗಿ ಮಾಡಿಸುವ ಎಂಡೋಸ್ಕೋಪಿಯ ಬೆಲೆಯೆಲ್ಲ ಅದರ ಗುಣಮಟ್ಟದಲ್ಲಿದೆ. ಆರಂಭದ ಕ್ಯಾನ್ಸರ್ ಗಡ್ಡೆಯಾಗಿ ಎದ್ದು ಕಾಣುವುದಿಲ್ಲ. ಸ್ವಲ್ಪ ಕೆಂಪು, ಸ್ವಲ್ಪ ಬಿಳಿಚಿದ, ಒಂದಿಷ್ಟು ತಗ್ಗಾದ ಜಾಗವಾಗಿ ಕಾಣಬಹುದು. ಎರಡು ನಿಮಿಷದಲ್ಲಿ ಕೊಳವೆ ಇಳಿಸಿ ಎತ್ತಿದರೆ ಅದು ಕಣ್ತಪ್ಪುತ್ತದೆ. ಕಣ್ಣಿಗೆ ಏನೂ ಕಾಣದಿದ್ದರೂ ಜಠರದ ಕೆಳಭಾಗ ಮತ್ತು ನಡುಭಾಗ ಎರಡರಿಂದಲೂ ಚೂರು ತೆಗೆದು, ಬೇರೆ ಬೇರೆ ಸೀಸೆಯಲ್ಲಿ ಬಯಾಪ್ಸಿಗೆ ಕಳುಹಿಸಬೇಕು. ಸವೆತ, ಪೊರೆಯ ರೂಪಾಂತರ ಎಷ್ಟು ಹರಡಿದೆ ಎಂದು ಗೊತ್ತಾಗುವುದು ಅದರಿಂದಲೇ. ಸ್ಥಳದಲ್ಲೇ ಮಾಡುವ ಯೂರಿಯೇಸ್ ಪರೀಕ್ಷೆಗೆ ಮಾತ್ರ ಒಂದು ಚೂರು ತೆಗೆದು ‘ಪಾಸಿಟಿವ್’ ಎಂದು ಬರೆದುಕೊಟ್ಟರೆ, ಉಸಿರಿನ ಪರೀಕ್ಷೆ ಹೇಳುವುದಕ್ಕಿಂತ ಹೆಚ್ಚೇನೂ ನಿಮಗೆ ತಿಳಿದಂತಾಗಲಿಲ್ಲ. ಮೊದಲೇ ಕೇಳಿ: ‘ಡಾಕ್ಟರೇ, ಎರಡೂ ಕಡೆಯಿಂದ ಬಯಾಪ್ಸಿ ತೆಗೆಯುತ್ತೀರಾ?’ ಇದು ಅಧಿಕಪ್ರಸಂಗವೇನಲ್ಲ.

ಬೇರೆ ದೇಶಗಳು ಮಾಡಿ ನೋಡಿದ್ದು

ಜಪಾನ್ 1983ರಿಂದ ಬೇರಿಯಂ ತಪಾಸಣೆ ನಡೆಸಿತು, 2016ರಲ್ಲಿ 50 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಎಂಡೋಸ್ಕೋಪಿಯನ್ನೂ ಸೇರಿಸಿತು. ದಕ್ಷಿಣ ಕೊರಿಯಾದಲ್ಲಿ 40ರಿಂದಲೇ ಎರಡು ವರ್ಷಕ್ಕೊಮ್ಮೆ ತಪಾಸಣೆ. ಆರಂಭದಲ್ಲೇ ಸಿಕ್ಕ ಕ್ಯಾನ್ಸರ್ ಅನ್ನು ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಿಂದಲೇ ಸುಲಿದು ತೆಗೆಯುತ್ತಾರೆ, ಅಂಥವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಆ ದೇಶಗಳಲ್ಲಿ ರೋಗದ ಪ್ರಮಾಣ ನಮ್ಮದರ ಹಲವು ಪಟ್ಟು. ಅವರಿಗೆ ಒಪ್ಪುವ ಲೆಕ್ಕವನ್ನು ಮಂಡ್ಯ, ಬಾಗಲಕೋಟೆಗಳಿಗೆ ಹಾಗೆಯೇ ತರಲಾಗದು.

ರೋಗಾಣುವನ್ನು ಹುಡುಕಿ ನಿರ್ಮೂಲ ಮಾಡುವ ದಾರಿಗೆ ತೈವಾನಿನ ಮಾತ್ಸು ದ್ವೀಪಗಳು ಮಾದರಿ. ಅಲ್ಲಿ 2004ರಿಂದ 30 ದಾಟಿದವರಿಗೆಲ್ಲ ಉಸಿರಿನ ಪರೀಕ್ಷೆ ಮಾಡಿ, ಸೋಂಕಿದ್ದವರಿಗೆ ಚಿಕಿತ್ಸೆ ಕೊಟ್ಟರು. ಸೋಂಕು ನೂರಕ್ಕೆ 64ರಿಂದ 15ಕ್ಕೆ ಇಳಿಯಿತು. ಜಠರ ಕ್ಯಾನ್ಸರ್ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ಆದರೆ ದೊಡ್ಡ ಪ್ರಮಾಣದಲ್ಲಿ ಮಾಡಿದಾಗ ಫಲ ಅಷ್ಟು ಹೊಳೆಯುವುದಿಲ್ಲ. ಚೀನಾದ ಶಾಂಡೊಂಗ್ ಪ್ರಾಂತ್ಯದ ಲಿಂಚುವಿನಲ್ಲಿ 980 ಹಳ್ಳಿಗಳ 1.8 ಲಕ್ಷ ಜನರನ್ನು ಸುಮಾರು 12 ವರ್ಷ ಗಮನಿಸಿದಾಗ ಕ್ಯಾನ್ಸರ್ ನೂರಕ್ಕೆ 14ರಷ್ಟು ಮಾತ್ರ ಇಳಿದಿತ್ತು. ರೋಗಾಣು ನಿಜಕ್ಕೂ ಹೋದವರಲ್ಲಿ ಲಾಭ ಹೆಚ್ಚಿತ್ತು. ತೈವಾನಿನಲ್ಲಿ 50 ದಾಟಿದವರನ್ನು ಮಲದ ಪರೀಕ್ಷೆಗೆ ಕರೆದು ನೋಡಿದ ದೊಡ್ಡ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಕರೆದವರಲ್ಲಿ ಅರ್ಧದಷ್ಟೇ ಬಂದರು, ಒಟ್ಟಾರೆ ಲೆಕ್ಕದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ನನ್ನನ್ನು ಹೆಚ್ಚು ಒಪ್ಪಿಸಿದ್ದು ಕೊರಿಯಾದ ಇನ್ನೊಂದು ಪ್ರಯೋಗ. 2020ರಲ್ಲಿ ಪ್ರಕಟವಾದ ಅದರಲ್ಲಿ ಇದ್ದವರೆಲ್ಲ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರ ಕ್ಯಾನ್ಸರ್ ಬಂದಿದ್ದವರು, ಎಲ್ಲರಿಗೂ ಸೋಂಕಿತ್ತು. ಸುಮಾರು ಒಂಬತ್ತು ವರ್ಷದಲ್ಲಿ ಚಿಕಿತ್ಸೆ ಪಡೆದ 832 ಜನರಲ್ಲಿ 10 ಮಂದಿಗೆ ಕ್ಯಾನ್ಸರ್ ಬಂತು, ಹುಸಿಮಾತ್ರೆ ಪಡೆದ 844 ಜನರಲ್ಲಿ 23 ಮಂದಿಗೆ. ಅಂದರೆ ಅಂಥ ಮನೆಗಳ ನೂರು ಜನರಿಗೆ ಚಿಕಿತ್ಸೆ ಕೊಟ್ಟರೆ ಒಬ್ಬರೋ ಇಬ್ಬರೋ ಉಳಿಯುತ್ತಾರೆ. ಎರಡು ವಾರದ ಮಾತ್ರೆಗೆ ಇದು ಸಣ್ಣ ಲಾಭವಲ್ಲ.

ಹಾಗಾದರೆ ಯಾರಿಗೆ ಯಾವುದು

ನಿಮ್ಮ ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಬಂದಿದ್ದರೆ ಯೋಚನೆ ಬೇಡ, ಮಾಡಿಸಿ. ವಯಸ್ಕರಾಗಿದ್ದರೆ ಮಲದ ಆಂಟಿಜೆನ್ ಅಥವಾ ಉಸಿರಿನ ಪರೀಕ್ಷೆ, ಯಾವುದು ಸುಲಭವೋ ಅದು. 45 ದಾಟಿದ್ದರೆ, ಅಥವಾ ಮನೆಯವರಿಗೆ ಕ್ಯಾನ್ಸರ್ ಬಂದ ವಯಸ್ಸಿಗೆ ನೀವು ಹತ್ತು ವರ್ಷದ ಅಂತರದಲ್ಲಿದ್ದರೆ, ಎರಡೂ ಕಡೆಯಿಂದ ಬಯಾಪ್ಸಿ ತೆಗೆದ ಒಂದು ಒಳ್ಳೆಯ ಎಂಡೋಸ್ಕೋಪಿ ಆಗಲಿ ಎಂಬುದು ನನ್ನ ಸಲಹೆ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ, ಅದೂ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ವಂಶವಾಹಿ ತಜ್ಞರನ್ನು ಕಾಣಬೇಕು. ಅಂಥ ಕೆಲವು ಬಗೆಗಳಿಗೆ ಈ ರೋಗಾಣುವೇ ಮುಖ್ಯ ಕಾರಣವಲ್ಲ.

ಮನೆತನದ ಇತಿಹಾಸವಿಲ್ಲ, ವಯಸ್ಸು 50ರೊಳಗೆ, ಹೊಟ್ಟೆ ಸರಿಯಾಗಿದೆ: ಕರ್ನಾಟಕದ ಅಂಥವರಿಗೆ ಪರೀಕ್ಷೆ ಅಗತ್ಯವಿಲ್ಲ ಎಂಬುದು ನನ್ನ ನಿಲುವು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸೋಂಕಿರುವ ನಾಡಿನಲ್ಲಿ ಎಲ್ಲರನ್ನೂ ಹುಡುಕಿ ಎರಡು ಮೂರು ಆಂಟಿಬಯಾಟಿಕ್ ಕೊಡುತ್ತಾ ಹೋದರೆ, ಈಗಾಗಲೇ ಔಷಧಕ್ಕೆ ಬಗ್ಗದಿರುವ ರೋಗಾಣುಗಳು ಇನ್ನಷ್ಟು ಹೆಚ್ಚುತ್ತವೆ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗದ ಎಚ್. ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೊಸ ಔಷಧ ತುರ್ತಾಗಿ ಬೇಕಾದ ರೋಗಾಣುಗಳ ಪಟ್ಟಿಗೆ ಸೇರಿಸಿತ್ತು. ಸೋಂಕು ಪತ್ತೆಯಾದ ವಯಸ್ಕರಿಗೆಲ್ಲ ಚಿಕಿತ್ಸೆ ಕೊಡಬೇಕೆಂಬ ಅಭಿಪ್ರಾಯ ಅಂತರರಾಷ್ಟ್ರೀಯ ತಜ್ಞರಲ್ಲಿ ಬಲವಾಗಿದೆ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಪತ್ತೆಯಾದವರಿಗೆ ಚಿಕಿತ್ಸೆ ಕೊಡುವುದು ಬೇರೆ, ಎಲ್ಲರಲ್ಲೂ ಹುಡುಕುತ್ತಾ ಹೋಗುವುದು ಬೇರೆ.

ಇವೆರಡರ ನಡುವೆ ಕೆಲವರಿದ್ದಾರೆ. ಬಹುಕಾಲ ಆಸ್ಪಿರಿನ್ ಅಥವಾ ನೋವಿನ ಮಾತ್ರೆ ತೆಗೆದುಕೊಳ್ಳಲಿರುವವರು, ಹಿಂದೆ ಅಲ್ಸರ್ ಆಗಿದ್ದವರು, ಕಾರಣ ಸಿಗದ ಕಬ್ಬಿಣಾಂಶದ ಕೊರತೆ ಇರುವವರು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕ್ಯಾನ್ಸರ್‌ಗಿಂತ ಅಲ್ಸರ್ ಮತ್ತು ರಕ್ತಸ್ರಾವ ಅವರಿಗೆ ಹತ್ತಿರದ ಅಪಾಯ. 50 ದಾಟಿದ, ದಶಕಗಳಿಂದ ಧೂಮಪಾನ ಮಾಡುತ್ತಿರುವವರು ಒಮ್ಮೆ ಮಲದ ಪರೀಕ್ಷೆ ಮಾಡಿಸಿದರೆ ತಪ್ಪಿಲ್ಲ. ಆದರೆ ಬೀಡಿ ಬಿಡುವುದೇ ಅವರಿಗೆ ಅದಕ್ಕಿಂತ ದೊಡ್ಡ ರಕ್ಷೆ. ಜಪಾನ್, ಕೊರಿಯಾದಲ್ಲಿ ನೆಲೆಸಿರುವವರು ಅಲ್ಲಿನ ತಪಾಸಣೆಯ ಕರೆ ಬಂದರೆ ಹೋಗಲಿ, ವ್ಯವಸ್ಥೆ ಇದೆ, ಕೈ ಪಳಗಿದವರಿದ್ದಾರೆ.

ತೊಂದರೆಯಿಲ್ಲದ ಮಕ್ಕಳಿಗೆ ಈ ಪರೀಕ್ಷೆ ಬೇಡ. ಅಪ್ಪನಿಗೆ ಪಾಸಿಟಿವ್ ಬಂತೆಂದು ಎಂಟು ವರ್ಷದ ಮಗುವನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಬೇಡಿ.

ಪಾಸಿಟಿವ್ ಬಂದರೆ

ಔಷಧದ ಅಂಗಡಿಯಲ್ಲಿ ‘ಪೈಲೋರಿ ಕಿಟ್’ ಎಂದು ಸಿಗುವುದನ್ನು ತಾವಾಗಿಯೇ ತಂದು ತಿನ್ನುವ ಅಭ್ಯಾಸ ಅಪಾಯಕಾರಿ. ಏಳು ದಿನದ, ಕ್ಲಾರಿಥ್ರೊಮೈಸಿನ್ ಇರುವ ಹಳೆಯ ಚಿಕಿತ್ಸೆ ಈಗ ಅನೇಕರಲ್ಲಿ ಸೋಲುತ್ತದೆ. ಮೆಟ್ರೊನಿಡಜೋಲ್‌ಗೆ ಒಗ್ಗಿಹೋದ ರೋಗಾಣುಗಳೂ ನಮ್ಮಲ್ಲಿ ಬಹಳ. ಇಂದಿನ ಮಾರ್ಗಸೂಚಿಗಳು ಮೊದಲ ಆಯ್ಕೆಯಾಗಿ ಹೇಳುವುದು ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ ಸೇರಿದ ನಾಲ್ಕು ಔಷಧಗಳನ್ನು 14 ದಿನ ಕೊಡುವುದು. ಮಾತ್ರೆಗಳು ಹೆಚ್ಚು, ಬಾಯಿಗೆ ಲೋಹದ ರುಚಿ, ವಾಕರಿಕೆ, ಸಡಿಲ ಮಲ ಸಾಮಾನ್ಯ. ಬಿಸ್ಮತ್‌ನಿಂದ ನಾಲಿಗೆಯೂ ಮಲವೂ ಕಪ್ಪಾಗುತ್ತವೆ, ಅದಕ್ಕೆ ಗಾಬರಿ ಬೇಡ. ಮೆಟ್ರೊನಿಡಜೋಲ್ ಇರುವಷ್ಟು ದಿನ ಮದ್ಯ ಮುಟ್ಟಬಾರದು. ಹತ್ತನೇ ದಿನ ಸಾಕೆಂದು ನಿಲ್ಲಿಸಿದರೆ ಉಳಿದುಕೊಂಡ ರೋಗಾಣು ಮುಂದಿನ ಸಲ ಇನ್ನೂ ಗಟ್ಟಿಯಾಗಿರುತ್ತದೆ.

ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ, ಆಸಿಡಿಟಿ ಮಾತ್ರೆಯನ್ನು ಎರಡು ವಾರ ಬಿಟ್ಟು, ಉಸಿರಿನ ಅಥವಾ ಮಲದ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ನಮ್ಮಲ್ಲಿ ಬಹುಮಂದಿ ಬಿಡುವ ಹೆಜ್ಜೆ ಇದು. ಕೊರಿಯಾದ ಆ ಪ್ರಯೋಗದಲ್ಲಿ ರೋಗಾಣು ನಿಜಕ್ಕೂ ಹೋದವರಲ್ಲಿ ಕ್ಯಾನ್ಸರ್ ಬಂದದ್ದು ನೂರಕ್ಕೆ 0.8, ಉಳಿದುಕೊಂಡವರಲ್ಲಿ 2.9. ಲಾಭ ಬರುವುದು ಮಾತ್ರೆ ನುಂಗಿದ್ದರಿಂದಲ್ಲ, ರೋಗಾಣು ಹೋದದ್ದರಿಂದ. ಮೊದಲ ಸುತ್ತು ಸೋತರೆ ಅದೇ ಔಷಧಗಳನ್ನು ಮತ್ತೆ ತೆಗೆದುಕೊಳ್ಳಬಾರದು, ಬೇರೆ ಜೋಡಿಯನ್ನು ವೈದ್ಯರು ಆರಿಸುತ್ತಾರೆ.

ಬಯಾಪ್ಸಿ ಆಗಿದ್ದವರು ವರದಿಯಲ್ಲಿ ‘ಅಟ್ರೋಫಿ’ (ಗ್ರಂಥಿಗಳ ಸವೆತ), ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ (ಪೊರೆ ಕರುಳಿನಂತೆ ರೂಪ ಬದಲಿಸುವುದು) ಎಂಬ ಪದಗಳಿವೆಯೇ ನೋಡಿ. ಜಠರದ ಕೆಳಭಾಗಕ್ಕಷ್ಟೇ ಸೀಮಿತವಾಗಿ, ಮನೆತನದ ಇತಿಹಾಸವೂ ಇಲ್ಲದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆಯೇ ಸಾಕು. ನಡುಭಾಗಕ್ಕೂ ವ್ಯಾಪಕವಾಗಿ ಹರಡಿದ್ದರೆ ರೋಗಾಣು ಹೋದ ಮೇಲೂ ಅಪಾಯ ಪೂರ್ತಿ ತಗ್ಗುವುದಿಲ್ಲ. ಅಂಥವರು ಮೂರು ವರ್ಷಕ್ಕೊಮ್ಮೆ, ಮನೆಯಲ್ಲಿ ಕ್ಯಾನ್ಸರ್ ಇದ್ದರೆ ಇನ್ನೂ ಬೇಗ, ಎಂಡೋಸ್ಕೋಪಿ ಮಾಡಿಸುತ್ತಿರಬೇಕು. ಅದಕ್ಕೆ ಹಳೆಯ ಬಯಾಪ್ಸಿ ವರದಿ ಮತ್ತು ಚಿತ್ರಗಳನ್ನು ಜೋಪಾನವಾಗಿಟ್ಟು, ಪ್ರತಿ ಸಲವೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ.